ದಂತಧಾವನಕ್ಕೊಂದು ಹೊತ್ತು

ಬೆಳಗಿನ ಆರು ಗಂಟೆ. ಗೃಹಸ್ಥರು ಬೊಜ್ಜು ಕರಗಲೆಂದು ಬಿಸಿನೀರಿಗೆ ಒಂದು ಹೋಳು ನಿಂಬೆಹಣ್ಣು ಹಿಂಡಿ, ಚಮಚ ಜೇನು ಬೆರೆಸಿ, ಗುಟುಕು ಗುಟುಕಾಗಿ ಕುಡಿಯುತ್ತಾರೆ. ಬಾಯೆಲ್ಲ ಹುಳಿಯಾಯಿತೆಂದು ಒಡನೆಯೇ ಬ್ರಷ್ ಹಿಡಿದು, ಹಿತ್ತಾಳೆಯ ಚೊಂಬು ಬೆಳಗುವವರಂತೆ ಹಲ್ಲು ಬೆಳಗುತ್ತಾರೆ. ಶುಚಿತ್ವದಲ್ಲಿ ಬೀದಿಯಲ್ಲೇ ಅವರನ್ನು ಮೀರಿಸುವವರಿಲ್ಲ. ಆದರೂ ವಯಸ್ಸು ನಲವತ್ತೈದು ತುಂಬುವ ಮೊದಲೇ ಮುಂದಿನ ಹಲ್ಲುಗಳ ಬಿಳುಪು ಸವೆದು ಒಳಗಿನ ಹಳದಿ ಇಣಿಕುತ್ತಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ.

ಹಲ್ಲಿನ ಹೊರಗಣ ಹೊಳಪಿನ ಹೊದಿಕೆಗೆ ದಂತಕವಚವೆಂದು ಹೆಸರು. ವೈದ್ಯರ ಬಾಯಲ್ಲಿ ಅದು ಎನಾಮಲ್. ಮನುಷ್ಯದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜವೇ. ಮುರಿದ ಮೂಳೆ ಕೂಡೀತು, ಹರಿದ ಚರ್ಮ ಬೆಳೆದೀತು. ದಂತಕವಚ ಮಾತ್ರ ಹೋದರೆ ಹೋಯಿತು. ಅದನ್ನು ಕಟ್ಟಿದ ಜೀವಕೋಶಗಳು, ಹಲ್ಲು ಒಸಡನ್ನು ಸೀಳಿ ಹೊರಬರುವ ಹೊತ್ತಿಗೇ ಅಳಿದಿರುತ್ತವೆ. ಆರನೆಯ ವಯಸ್ಸಿನ ಸುಮಾರಿಗೆ ಮೂಡಿದ ದವಡೆಹಲ್ಲಿನ ಕವಚವೇ ಎಂಬತ್ತರ ಮುದುಕನಿಗೂ ಒದಗಬೇಕು.

ಇಷ್ಟು ಗಟ್ಟಿಯಾದ ವಸ್ತುವಿಗೆ ಹುಳಿ ಎಂದರೆ ಆಗದು. ಆಮ್ಲದ ತೀಕ್ಷ್ಣತೆಯನ್ನು ಪಿ.ಎಚ್. ಎಂಬ ಅಂಕದಿಂದ ಅಳೆಯುತ್ತಾರೆ. ಶುದ್ಧ ನೀರಿನದು 7. ಅಂಕ ಇಳಿದಷ್ಟೂ ಹುಳಿ ಹೆಚ್ಚು. ಬಾಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಕವಚದ ಖನಿಜ ಕರಗತೊಡಗುತ್ತದೆ. ನಿಂಬೆರಸದ ಅಂಕ 2ರಿಂದ 3ರ ನಡುವೆ. ಮಕ್ಕಳು ಕಾಡಿ ಬೇಡಿ ಕುಡಿಯುವ ಕೋಲಾ ಪಾನೀಯದ್ದೂ ಹೆಚ್ಚುಕಡಮೆ ಅಷ್ಟೇ. ಹುಳಿ ತಗುಲಿದ ಮೇಲ್ಪದರ ಕೆಲಹೊತ್ತು ಮೆತ್ತಗಾಗಿರುತ್ತದೆ. ಆಗ ಬ್ರಷ್ ಆಡಿಸಿದರೆ ಕೊಳೆಯ ಜೊತೆಗೆ ಕವಚವೂ ಒಂದಿಷ್ಟು ಸವೆದು ಹೋಗುತ್ತದೆ.

ಇದಕ್ಕೆ ಮದ್ದು ಬಾಯಲ್ಲೇ ಉಂಟು. ಜೊಲ್ಲು ಆಮ್ಲವನ್ನು ತಣಿಸಿ, ಕಳೆದ ಖನಿಜದಲ್ಲಿ ಸ್ವಲ್ಪವನ್ನಾದರೂ ಮರಳಿ ತುಂಬುತ್ತದೆ. ಅಮೆರಿಕದ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಇದನ್ನು ಅಳೆದು ತೋರಿಸಿದರು: ಸಕ್ಕರೆನೀರು ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಲೋಳೆಯಲ್ಲಿ ಹುಳಿ ಏರಿತು, ಇಳಿಯಲು ಅರ್ಧ ಗಂಟೆಗೂ ಮಿಕ್ಕಿ ಹಿಡಿಯಿತು. ಕಚೇರಿಯಲ್ಲಿ ಗಂಟೆಗೊಂದು ಸಕ್ಕರೆಯ ಕಾಫಿ ಹೀರುವವರ ಬಾಯಿಗೆ ಈ ಬಿಡುವೇ ದೊರೆಯದು.

ಹುಳಿ ತಿಂದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಹಲ್ಲುಜ್ಜಿರೆಂದು ದಂತವೈದ್ಯರು ಹೇಳುವುದು ಇದರಿಂದಲೇ. ಅಷ್ಟು ಕಾದರೆ ಸಾಕೇ ಎಂಬಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಮೆತ್ತಗಾದ ಪದರ ಪೂರಾ ಗಟ್ಟಿಯಾಗಲು ಇನ್ನೂ ಹೊತ್ತು ಹಿಡಿದೀತು. ಹಾಗಿರುವಾಗ ತಿಂಡಿಗೆ ಮೊದಲೇ ಉಜ್ಜುವುದು ಮೇಲು. ಹಲ್ಲುಜ್ಜದವರಿಗೆ ಕಾಫಿಯಿಲ್ಲವೆಂದು ಅಡುಗೆಮನೆಯ ಬಾಗಿಲಲ್ಲಿ ತಡೆಯುತ್ತಿದ್ದ ಅಜ್ಜಿಗೆ ಪಿ.ಎಚ್. ತಿಳಿದಿರಲಿಲ್ಲ, ಕಟ್ಟಳೆ ಮಾತ್ರ ಸರಿಯಾಗಿತ್ತು. ಅದೇ ಅಜ್ಜಿ ಮೆಚ್ಚುತ್ತಿದ್ದ ಇಟ್ಟಿಗೆಯ ಪುಡಿಯನ್ನು ಸಮರ್ಥಿಸಲಾಗದು; ಅದು ಹಲ್ಲನ್ನು ಅರದಂತೆ ತೇಯುತ್ತದೆ.

ಬಸುರಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೊದಲ ತಿಂಗಳುಗಳಲ್ಲಿ ವಾಂತಿಯಾದಾಗಲೆಲ್ಲ ಬಾಯಿಯ ಕಹಿ ತಾಳಲಾರದೆ ಅವರು ಬ್ರಷ್‌ಗೆ ಕೈಹಾಕುವುದು ಸಹಜ. ಜಠರದ ಆಮ್ಲ ನಿಂಬೆಗಿಂತ ಉಗ್ರವಾದುದು. ಒಂದು ಲೋಟ ನೀರಿಗೆ ಸಣ್ಣ ಚಮಚ ಅಡುಗೆಸೋಡ ಬೆರೆಸಿ ಮುಕ್ಕಳಿಸಿ ಉಗುಳಿದರೆ ಬಾಯಿ ಹಗುರಾಗುತ್ತದೆ, ಹುಳಿಯೂ ಅಡಗುತ್ತದೆ. ಉಜ್ಜುವುದು ಒಂದು ಗಂಟೆ ಕಳೆದ ಮೇಲಾಗಲಿ. ಮನೆಯ ಹಿರಿಯರು ಇದನ್ನು ನೆನಪಿಟ್ಟು ನೀರಿನ ಲೋಟ ಕೈಗಿತ್ತರೆ ಆಕೆಗೆ ಎಷ್ಟೋ ಉಪಕಾರ.

ಇನ್ನು ರಾತ್ರಿ. ನಿದ್ರೆಯಲ್ಲಿ ಜೊಲ್ಲು ಬಹಳ ತಗ್ಗುವುದರಿಂದ ಹಲ್ಲಿಗೆ ಕಾವಲಿಲ್ಲ. ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಮೃದುವಾಗಿ ಉಜ್ಜಿ, ನೊರೆಯನ್ನು ಉಗುಳಿ, ಹೆಚ್ಚು ಮುಕ್ಕಳಿಸದೆ ಬಿಡಬೇಕು. ಅನಂತರ ನೀರಲ್ಲದೆ ಬೇರೇನೂ ಸಲ್ಲದು. ಮಕ್ಕಳಿಗೆ ಸಕ್ಕರೆ ಹಾಕಿದ ಹಾಲು ಕೊಟ್ಟು ಹಾಗೆಯೇ ಮಲಗಿಸುವ ವಾಡಿಕೆ ಅನೇಕ ಮನೆಗಳಲ್ಲಿದೆ. ತೂಕಡಿಸುವ ಮಗುವನ್ನು ಬಚ್ಚಲಿಗೆ ಎಳೆದೊಯ್ಯುವುದು ಯಾವ ತಾಯಿಗೂ ಸುಲಭವಲ್ಲ. ಆ ಹಾಲನ್ನೇ ಊಟದ ಜೊತೆಗೆ ಕೊಟ್ಟುಬಿಟ್ಟರೆ ಜಗಳವೇ ಇಲ್ಲ.