ಅಜ್ಜಿಯ ಹಪ್ಪಳಕ್ಕೊಂದು ಗುರುತು



ಹಲಸಿನ ಕಾಲ ಬಂತೆಂದರೆ ಹಳಿಯಾಳದ ನಮ್ಮ ಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಲ್ಲಿ ನೋಡಿದರೂ ಚಾಪೆ, ಚಾಪೆ ತುಂಬ ಹಪ್ಪಳ. ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಒತ್ತಿ ಒಣಗಿಸುವುದು ನಮ್ಮ ಮನೆಯ ಅಜ್ಜಿಯ ಕೆಲಸ. ಕೋಲು ಹಿಡಿದು ಕಾಗೆ ಓಡಿಸುವುದು ನನ್ನ ಕೆಲಸ. ಒಣಗಿದ ಮೇಲೆ 25 ಹಪ್ಪಳಕ್ಕೊಂದು ಕಟ್ಟು. ಕಡೆಯಲ್ಲಿ ಉಳಿದ ಹಿಟ್ಟಿನಲ್ಲಿ ಅಂಗೈಗಿಂತ ಚಿಕ್ಕ ಹಪ್ಪಳಗಳನ್ನು ಒತ್ತಿ, ಪ್ರತಿ ಕಟ್ಟಿನ ಮೇಲೆ ಒಂದೊಂದನ್ನು ಇಡುತ್ತಾಳೆ. ಅದು ಲೆಕ್ಕಕ್ಕಿಲ್ಲ, ಕೊಸರು. ಯಾಕೆಂದು ಕೇಳಿದರೆ, ‘ಮನ್ಯಾಗ ಸಣ್ಣ ಮಕ್ಕಳು ಇರ್ತಾವಲ್ಲ’ ಅನ್ನುತ್ತಾಳೆ.

ದಾಂಡೇಲಿ, ಜೋಯಿಡಾ ಕಡೆಯ ಹೋಂಸ್ಟೇಗಳಿಗೆ ಬಂದ ಪ್ರವಾಸಿಗರು ಈ ಹಪ್ಪಳ ತಿಂದು, ‘ನಮ್ಮೂರಿಗೆ ಕಳಿಸ್ತೀರಾ?’ ಎಂದು ಕೇಳತೊಡಗಿದರು. ಆಗ ನನಗೆ ಆಸೆ ಹುಟ್ಟಿತು. ಒಂದು ವೆಬ್‌ಸೈಟ್ ಬೇಕು, ಒಂದು ಲೋಗೋ ಬೇಕು ಅಂದುಕೊಂಡೆ. ಪರಿಚಯದವರ ಪರಿಚಯದವರೊಬ್ಬರು 12,000 ರೂಪಾಯಿಗೆ ಎಲ್ಲವನ್ನೂ ಮಾಡಿಕೊಡುತ್ತೇನೆ ಎಂದರು. ಒಂದು ಹಂಗಾಮಿನ ಗಳಿಕೆಯಲ್ಲಿ ಅಜ್ಜಿ ಕೂಡಿಟ್ಟಿದ್ದ ದುಡ್ಡನ್ನು ಕೊಟ್ಟೆ.

ವೆಬ್‌ಸೈಟ್ ಬಂತು. ಬಂಗಾರದ ಬಣ್ಣ, ಕಮಲದ ಹೂವು, ಕಿರೀಟ, ಅದರ ಕೆಳಗೆ ಓದಲಾಗದಷ್ಟು ಬಳುಕುವ ಇಂಗ್ಲಿಷ್ ಅಕ್ಷರ. ಹಪ್ಪಳದ ಫೋಟೋ ಕೂಡ ಇತ್ತು. ಆದರೆ ಅದು ನಮ್ಮ ಹಪ್ಪಳವಲ್ಲ! ಎಲ್ಲಿಂದಲೋ ತೆಗೆದುಕೊಂಡ ಉದ್ದಿನ ಹಪ್ಪಳ, ಮೇಲೆ ಕಾಳುಮೆಣಸು. ಪುಣೆಯಿಂದ ತರಿಸಿಕೊಂಡವರೊಬ್ಬರು ಫೋನ್ ಮಾಡಿ, ‘ಚಿತ್ರದಲ್ಲಿರೋದು ಬೇರೆ, ನೀವು ಕಳಿಸಿರೋದು ಬೇರೆ’ ಎಂದರು. ನಲವತ್ತು ವರ್ಷ ಹಪ್ಪಳ ಮಾಡಿದ ಅಜ್ಜಿಗೆ ಯಾರೂ ಆಡದ ಮಾತು ಅದು. ಅವತ್ತು ಅವಳು ಸರಿಯಾಗಿ ಊಟ ಮಾಡಲಿಲ್ಲ.

ಒಂದು ವರ್ಷ ಕಳೆಯಿತು. ವೆಬ್‌ಸೈಟ್ ತೆರೆಯಲೇ ಇಲ್ಲ. ವಿಳಾಸವನ್ನು ಆ ಮನುಷ್ಯ ತನ್ನ ಹೆಸರಿನಲ್ಲಿ ಕೊಂಡಿದ್ದರು. ಪಾಸ್‌ವರ್ಡ್ ಅವರ ಹತ್ತಿರವೇ ಇತ್ತು. ಫೋನ್ ಎತ್ತಲಿಲ್ಲ. ಆ ವಿಳಾಸ ಅಚ್ಚು ಹಾಕಿಸಿದ 500 ಕವರುಗಳು ಈಗಲೂ ಅಟ್ಟದ ಮೇಲಿವೆ. ತಪ್ಪು ಅವರೊಬ್ಬರದೇ ಅಲ್ಲ. ಮನೆ ಕಟ್ಟಿಸಿ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳದವನು ನಾನು.

ಎರಡನೇ ಸಲ ಕೆಲಸ ಕೈಗೆತ್ತಿಕೊಂಡವಳು ಮೊಮ್ಮಗಳು ಪುಟ್ಟಿ, ಎಂಟನೇ ತರಗತಿ. ‘ಅಜ್ಜಾ, ಈ ಸಲ ಎಷ್ಟು ದುಡ್ಡು ಐತಿ?’ ಎಂದಳು. ಎರಡು ಸಾವಿರದೊಳಗೆ ಮುಗಿಯಬೇಕು ಎಂದೆ.

ಮೊದಲು ಗುರುತು. ಲೋಗೋ ಅಂದರೆ ಗುರುತು, ಅಷ್ಟೆ. ಓದು ಬಾರದವರೂ ದೂರದಿಂದ ನೋಡಿ ‘ಇದು ಅವರದು’ ಎನ್ನಬೇಕು. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಪ್ರಾಣಿಯನ್ನು ನೋಡಿದ್ದೀರಲ್ಲ? ಅದು ಶರಭ. ಆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಇಂದಿಗೂ ಅದನ್ನು ಕಂಡರೆ ಗಂಧದ ಪರಿಮಳ ನೆನಪಾಗುತ್ತದೆ.

ಒಳ್ಳೆಯ ಗುರುತಿಗೆ ಬಹಳ ದುಡ್ಡು ಬೇಕೆಂದೇನೂ ಇಲ್ಲ. ನೈಕಿ ಬೂಟಿನ ಮೇಲಿನ ಬಾಗಿದ ಗೀಟನ್ನು 1971ರಲ್ಲಿ ಬರೆದವರು ಕ್ಯಾರೊಲಿನ್ ಡೇವಿಡ್ಸನ್ ಎಂಬ ಅಮೆರಿಕದ ವಿದ್ಯಾರ್ಥಿನಿ. ಅದಕ್ಕೆ ಸಿಕ್ಕಿದ್ದು ಬರೀ 35 ಡಾಲರ್. ಮುಂದೆ 1983ರಲ್ಲಿ ಕಂಪನಿ ಅವರಿಗೆ ತನ್ನ ಷೇರುಗಳನ್ನು ಕೊಟ್ಟು ಗೌರವಿಸಿತು. ಒಂದೇ ಗೀಟು, ಆದರೆ ಓಟದ ವೇಗ ಅದರಲ್ಲಿದೆ.

ನಮ್ಮ ಗುರುತು ಸಿಕ್ಕಿದ್ದು ಒಂದು ಕೌದಿಯಿಂದ. ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಸಮುದಾಯದವರು ಇದ್ದಾರೆ. ಅವರ ಪೂರ್ವಿಕರು ಆಫ್ರಿಕಾದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ನಮ್ಮ ಕಾಡುಗಳಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಇವರು. ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವಿನಂತೆ ಕೂಡಿಸುತ್ತಾರೆ. ಅದಕ್ಕೆ ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಕೆಲಸ ಮುಗಿದಿಲ್ಲ ಎಂದೇ ಅರ್ಥ. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ಸಮುದ್ರದಾಚೆಯ ಜನ ನೋಡಿ ಮೆಚ್ಚಿದ್ದು ನಮ್ಮ ಪಕ್ಕದ ಊರಿನ ಹೆಂಗಸರ ಕೈಕೆಲಸ.

ನಮ್ಮ ಮನೆಯಲ್ಲೂ ಒಂದು ಕವಂದಿ ಇದೆ. ಅದನ್ನು ಹೊದ್ದು ಕೂತಿದ್ದ ಪುಟ್ಟಿ ಮೂಲೆಯ ಹೂವನ್ನು ನೋಡಿ, ‘ಅಜ್ಜೀ, ಎಷ್ಟ್ ಚಂದ ಐತಿ! ಇದನ್ನ ನಮ್ಮ ಲೋಗೋ ಮಾಡೋಣ’ ಎಂದಳು.

ಅಜ್ಜಿ ಉಂಡೆ ಕಟ್ಟುತ್ತಿದ್ದವಳು ತಲೆ ಎತ್ತಿದಳು. ‘ಅದು ಅವರ ಹೂವು ಪುಟ್ಟಿ. ಅದನ್ನ ಮಾಡಾಕ ಅವರು ಎಷ್ಟು ದಿನ ಸೂಜಿ ಹಿಡಿದಾರ. ನಾವು ಹೊಲಿದೀವೇನು?’

ಪುಟ್ಟಿ ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ, ‘ಹಂಗಾದ್ರ ನಮ್ಮದು ಏನೈತಿ?’ ಎಂದಳು.

ನನಗೂ ಹೊಳೆಯಲಿಲ್ಲ. ಅಜ್ಜಿಯ ಕೈ ಮಾತ್ರ ನಿಲ್ಲಲಿಲ್ಲ. ಒಣಗಿದ ಕಟ್ಟಿನ ಮೇಲೆ ಚಿಕ್ಕ ಹಪ್ಪಳ ಇಟ್ಟಳು. ಪುಟ್ಟಿ ಎದ್ದು ಓಡಿದಳು. ಒಂದು ಬಳೆ, ಒಂದು ರೂಪಾಯಿ ನಾಣ್ಯ ತಂದಳು. ಬಳೆ ಇಟ್ಟು ದೊಡ್ಡ ದುಂಡು ಬರೆದಳು, ಅದರ ಮೇಲಂಚಿಗೆ ತಾಗಿದಂತೆ ನಾಣ್ಯ ಇಟ್ಟು ಚಿಕ್ಕ ದುಂಡು ಬರೆದಳು. ಹಪ್ಪಳ ಮತ್ತು ಕೊಸರು. ಅಜ್ಜಿ ನೋಡಿ, ‘ಇದು ನಂದೇ’ ಎಂದಳು.

ಗುರುತು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನಾವು ಮೂರು ಪರೀಕ್ಷೆ ಮಾಡಿದೆವು. ಒಂದೇ ಬಣ್ಣದಲ್ಲಿ ಬರೆದರೂ ತಿಳಿಯಬೇಕು. ಉಗುರಿನಷ್ಟು ಚಿಕ್ಕದಾದರೂ ಕಾಣಬೇಕು. ಒಮ್ಮೆ ನೋಡಿದವರು ಮರುದಿನ ನೆನಪಿನಿಂದ ಬರೆಯಬೇಕು. ಮೂರರಲ್ಲೂ ಪಾಸು. ಹೆಸರಿಗೆ ಕನ್ನಡ ಅಕ್ಷರವೇ ಬೇಕೆಂದಳು ಪುಟ್ಟಿ. ಬಾಲೂ ತಮ್ಮ ಎಂಬ ದುಂಡು ದುಂಡಾದ ಕನ್ನಡ ಫಾಂಟ್ ಇದೆ; ವ್ಯಾಪಾರಕ್ಕೂ ಬಳಸಬಹುದು, ದುಡ್ಡು ಕೊಡಬೇಕಿಲ್ಲ. ಕವರ್ ಅಚ್ಚು ಹಾಕಿಸುವ ಬದಲು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆವು. ಬೇಕಾದಷ್ಟು ಕವರಿಗೆ ನಾವೇ ಒತ್ತುತ್ತೇವೆ.

ಇನ್ನು ವೆಬ್‌ಸೈಟ್. ಅಜ್ಜ-ಅಜ್ಜಿಯರೇ, ಇದು ಮನೆ ಕಟ್ಟಿದಂತೆ. ವಿಳಾಸ ಒಂದು, ಜಾಗ ಒಂದು, ಮನೆ ಒಂದು. ನಮ್ಮ ದೇಶದ ವಿಳಾಸಗಳು ‘ಡಾಟ್ ಇನ್’ ಎಂದು ಮುಗಿಯುತ್ತವೆ. ಈ ವಿಳಾಸಕ್ಕೆ ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಮೊದಲ ವರ್ಷ ಅಗ್ಗ ಎಂದು ಹೇಳಿ ಎರಡನೇ ವರ್ಷ ಹೆಚ್ಚು ಕೇಳುವವರಿದ್ದಾರೆ. ಕೊಳ್ಳುವ ಮೊದಲೇ ಎರಡನೇ ವರ್ಷದ ದರ ಕೇಳಿ. ಜಾಗ ಮತ್ತು ಮನೆಗೆ ಗೂಗಲ್ ಸೈಟ್ಸ್‌ನಂಥ ಉಚಿತ ಸೌಲಭ್ಯ ಸಾಕು. ಪುಟ್ಟಿ ಎರಡು ಭಾನುವಾರದಲ್ಲಿ ಕಟ್ಟಿದಳು.

ಒಂದೇ ಪುಟ. ಏನು ಮಾರುತ್ತೇವೆ, ಬೆಲೆ ಎಷ್ಟು, ಯಾವ ತಿಂಗಳು ಸಿಗುತ್ತದೆ, ಹೇಗೆ ತರಿಸಿಕೊಳ್ಳಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಆಹಾರ ಮಾರುವವರು ಮಾಡಿಸಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಸಂಖ್ಯೆಯನ್ನೂ ಹಾಕಿದೆವು. ಫೋಟೋ ನಾಲ್ಕೇ, ಎಲ್ಲವೂ ನಮ್ಮ ಅಂಗಳದ್ದು. ಬೆಳಗಿನ ಎಳೆ ಬಿಸಿಲಿನಲ್ಲಿ ಪುಟ್ಟಿಯ ಅಮ್ಮನ ಫೋನಿನಲ್ಲಿ ತೆಗೆದದ್ದು. ಹಪ್ಪಳದ ಅಂಚು ಸ್ವಲ್ಪ ಸೊಟ್ಟಗಿದೆ. ಇರಲಿ, ಕೈಯಲ್ಲಿ ಒತ್ತಿದ್ದು ಹಾಗೇ ಇರುತ್ತದೆ. ಫೋಟೋಗಳ ಗಾತ್ರ ಕುಗ್ಗಿಸಿದೆವು. ಜೋಯಿಡಾದ ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಬಂದರೆ ಬಂತು. ಭಾರವಾದ ಪುಟ ಅಲ್ಲಿ ತೆರೆಯುವುದೇ ಇಲ್ಲ. ಕನ್ನಡದ ಕೆಳಗೆ ನಾಲ್ಕು ಸಾಲು ಮರಾಠಿ, ನಾಲ್ಕು ಸಾಲು ಇಂಗ್ಲಿಷ್ ಸೇರಿಸಿದೆವು. ನಮ್ಮದು ಬಹುಭಾಷೆಯ ಸೀಮೆಯಲ್ಲವೇ? 1966ರಲ್ಲಿ ಶುರುವಾದ ಮುಂಡಗೋಡದ ಟಿಬೆಟನ್ ನೆಲೆಗೆ ಹೋದರೆ ಫಲಕಗಳಲ್ಲಿ ಟಿಬೆಟನ್ ಲಿಪಿಯೂ ಕಾಣುತ್ತದೆ. ಕೊಳ್ಳುವವರ ಭಾಷೆಯಲ್ಲಿ ಒಂದು ಮಾತು ಹೇಳಿದರೆ ಬಾಗಿಲಲ್ಲಿ ನಿಂತು ‘ಬರ್ರಿ’ ಎಂದ ಹಾಗೆ.

ನಮ್ಮ ಲೆಕ್ಕ ಹೀಗಿದೆ: ವಿಳಾಸಕ್ಕೆ 850 ರೂಪಾಯಿ, ರಬ್ಬರ್ ಸ್ಟ್ಯಾಂಪಿಗೆ 300, ಶಾಯಿಯ ಪ್ಯಾಡಿಗೆ 60, ದುಡ್ಡು ತೆಗೆದುಕೊಳ್ಳುವ ಕ್ಯೂಆರ್ ಚೀಟಿಯ ಲ್ಯಾಮಿನೇಷನ್‌ಗೆ 40. ಒಟ್ಟು 1,250. ಗುರುತನ್ನು ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಲೂಬಹುದು. ಸಣ್ಣ ವ್ಯಾಪಾರಿಗಳಿಗೆ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ. ನೋಂದಣಿ 10 ವರ್ಷ ನಡೆಯುತ್ತದೆ. ನಾವು ಅದನ್ನು ಮುಂದಿನ ಹಂಗಾಮಿಗೆ ಇಟ್ಟುಕೊಂಡಿದ್ದೇವೆ.

ಬೀಗದ ಕೈ? ವಿಳಾಸ ಈಗ ಸೊಸೆಯ ಹೆಸರಿನಲ್ಲಿದೆ. ಪಾಸ್‌ವರ್ಡ್ ಬರೆದ ನೋಟುಬುಕ್ಕು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿದೆ. ಬಾಡಿಗೆ ಕಟ್ಟುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿದ್ದೇವೆ. ಮಕ್ಕಳೇ, ನೀವು ಪುಟ ಕಟ್ಟಿಕೊಡಿ, ಆದರೆ ಖಾತೆ ಮನೆಯ ಹಿರಿಯರ ಹೆಸರಿನಲ್ಲಿರಲಿ. ನಿಮ್ಮ ಫೋಟೋ, ಶಾಲೆಯ ಹೆಸರು ಅಲ್ಲಿ ಬೇಡ. ಹಿರಿಯರೇ, ನಿಮಗೊಂದು ಮಾತು: ನಮಗೆ ದುಡ್ಡು ಬರಬೇಕಾದರೆ ನಾವು ಯುಪಿಐ ಪಿನ್ ಒತ್ತಬೇಕಿಲ್ಲ. ‘ದುಡ್ಡು ಕಳಿಸಿದ್ದೇನೆ, ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಒಟಿಪಿ ಕೇಳಿದರೂ ಅಷ್ಟೆ.

ಮೊನ್ನೆ ಪುಣೆಯ ಅವರಿಗೇ ಪುಟ್ಟಿ ಹೊಸ ಪುಟದ ವಿಳಾಸ ಕಳಿಸಿದಳು. ಎರಡು ಕಟ್ಟು ತರಿಸಿಕೊಂಡರು. ಆಮೇಲೆ ಫೋನ್ ಮಾಡಿ, ‘ಚಿತ್ರದಲ್ಲಿರೋದೇ ಬಂತು. ಚಿಕ್ಕ ಹಪ್ಪಳವನ್ನು ಮೊಮ್ಮಗ ಕಿತ್ಕೊಂಡ’ ಎಂದರು. ಅಜ್ಜಿ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಎರಡು ಹಪ್ಪಳ ಹೆಚ್ಚಿಗೆ ಬಿದ್ದವು.

ಈ ವಾರದ ಕೆಲಸ: ಮಕ್ಕಳೇ, ನಿಮ್ಮ ಅಜ್ಜನೋ ಅಜ್ಜಿಯೋ ಚೆನ್ನಾಗಿ ಮಾಡುವ ಒಂದು ಕೆಲಸವನ್ನು ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ. ಬುಟ್ಟಿ ಹೆಣೆಯುವುದು, ಉಪ್ಪಿನಕಾಯಿ ಹಾಕುವುದು, ಸೈಕಲ್ ರಿಪೇರಿ, ಏನಾದರೂ ಆದೀತು. ಅವರು ಮಾತ್ರ ಮಾಡುವ ಒಂದು ಸಣ್ಣ ಸಂಗತಿ ಸಿಗುತ್ತದೆ. ಅದನ್ನು ಒಂದೇ ಬಣ್ಣದ ಪೆನ್ಸಿಲಿನಲ್ಲಿ, ಬೆಂಕಿಪೆಟ್ಟಿಗೆಯಷ್ಟು ಜಾಗದಲ್ಲಿ ಬರೆಯಿರಿ. ಮೊದಲು ಅವರಿಗೇ ತೋರಿಸಿ. ‘ಇದು ನಂದೇ’ ಎಂದರೆ ನಿಮ್ಮ ಲೋಗೋ ಸಿದ್ಧ.