ಫೋಟೋದಲ್ಲಿ ನೀವೆಲ್ಲಿ?



ಮಳೆಗಾಲ ಬಂತೆಂದರೆ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಒಂದೇ ಮಾತು: "ಗೋಕಾಕ ಫಾಲ್ಸ್‌ಗೆ ಹೋಗೂಣು!" ಹೋದ ಶ್ರಾವಣದಲ್ಲಿ ನಾವೂ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಮೊಬೈಲು ನನ್ನ ಕೈಯಲ್ಲಿ.

ಗೋಕಾಕ ಊರಿನಿಂದ 6 ಕಿ.ಮೀ. ದೂರದಲ್ಲಿ ಘಟಪ್ರಭೆ 171 ಅಡಿ ಕೆಳಗಿನ ಕಮರಿಗೆ ಧುಮುಕುತ್ತಾಳೆ. ಬಂಡೆಯ ಅಂಚು ಕುದುರೆ ಲಾಳದಂತೆ ಬಾಗಿದೆ. ಕೆಸರು ಕಲಸಿದ ಚಹಾಬಣ್ಣದ ನೀರು ಬೀಳುವ ಸದ್ದಿಗೆ ಎದೆ ಝಲ್ಲೆನ್ನುತ್ತದೆ. ಆದರೆ ನಾನು ತೆಗೆದ ಫೋಟೋ ನೋಡಿದರೆ, ಸೌಟಿನಿಂದ ಸಾರು ಸುರಿದ ಹಾಗೆ!

ಕಾರಣ ಸರಳ. ಬರೀ ನೀರು ತೆಗೆದರೆ ಎತ್ತರ ಗೊತ್ತಾಗುವುದಿಲ್ಲ. ಸ್ವಲ್ಪ ಹಿಂದೆ ಸರಿದು ಮೇಲಿನ ತೂಗುಸೇತುವೆ, ದೂರದ ಜನ ಎಲ್ಲ ಸೇರುವಂತೆ ತೆಗೆದೆ. ಇರುವೆಯಂಥ ಜನರ ಮುಂದೆ ಜಲಪಾತ ಎಷ್ಟು ದೊಡ್ಡದೆಂದು ತಾನೇ ತಿಳಿಯಿತು. ಮಧ್ಯಾಹ್ನದ ಬಿಸಿಲಲ್ಲಿ ನೊರೆಯೆಲ್ಲ ಹತ್ತಿಯ ಮುದ್ದೆಯಾಗುತ್ತದೆ. ಬೆಳಿಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು. ಪರದೆಯ ಮೇಲೆ ನೀರಿರುವ ಕಡೆ ಬೆರಳಿಟ್ಟು ಬೆಳಕು ಕಡಿಮೆ ಮಾಡಿ. ತುಂತುರು ಬಿದ್ದ ಕ್ಯಾಮೆರಾ ಗಾಜನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸುತ್ತಿರಿ.

ಅಷ್ಟರಲ್ಲಿ ನನ್ನ ಮಗ ಸೆಲ್ಫಿಗೆಂದು ಅಂಚಿನತ್ತ ಹಿಂದೆ ಹಿಂದೆ ಸರಿಯುತ್ತಿದ್ದ. ಅತ್ತೆಯವರು ಅಂಗಿ ಹಿಡಿದು ಜಗ್ಗಿದರು. "ತಮ್ಮಾ, ಫೋಟೋ ಗ್ವಾಡಿಗೆ ಹಾಕಾಕ ತಗಸ್ಕೊಳ್ಳಾಕತ್ತಿಯೋ, ಹಾರ ಹಾಕಾಕೋ?"

ನನ್ನ ಕೈಕಾಲು ತಣ್ಣಗಾದವು. ಪಾಚಿ ಹಿಡಿದ ಬಂಡೆ ನಂಬಬಾರದು. ಮೇಲೆ ಹಿಡಕಲ್ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಫೋಟೋಕ್ಕಾಗಿ ಒಂದು ಹೆಜ್ಜೆಯೂ ಹಿಂದೆ ನೋಡದೆ ಇಡಬೇಡಿ, ಮಕ್ಕಳಿಗೂ ಬಿಡಬೇಡಿ.

ಬುತ್ತಿ ಬಿಚ್ಚಿದಾಗ ಅತ್ತೆಯವರಿಗೆ ಫೋಟೋ ತೋರಿಸಿದೆ. ಎಲ್ಲ ನೋಡಿ ಕೇಳಿದರು: "ಇದರಾಗ ನೀ ಎಲ್ಲಿ ಅದಿ?"

ಎಲ್ಲಿಯೂ ಇರಲಿಲ್ಲ! ಜಾತ್ರೆ, ಮದುವೆ, ಮಕ್ಕಳ ಹುಟ್ಟುಹಬ್ಬ ಯಾವುದರಲ್ಲಿಯೂ ನಾನು ಅಪರೂಪವೇ. ಮೊಬೈಲು ಮುಟ್ಟದ ಅತ್ತೆಯವರು ಅಂದು ಗುಂಡಿ ಒತ್ತುವುದನ್ನು ಕಲಿತು ನನ್ನ ಫೋಟೋ ತೆಗೆದರು. ನನ್ನ ತಲೆ ಅರ್ಧ, ಜಲಪಾತ ಪೂರ್ತಿ!

ಅದನ್ನೇ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಈ ಸಲ ನೀವು ಹೋದಾಗ ಒಮ್ಮೆಯಾದರೂ ಮೊಬೈಲನ್ನು ಬೇರೆಯವರ ಕೈಗೆ ಕೊಟ್ಟು, ಅಂಚಿನಿಂದ ದೂರ ನಿಂತು, ನಗಿರಿ. ಬುತ್ತಿ ಕಟ್ಟಿದವರೂ ಬಂದಿದ್ದರೆಂದು ಮಕ್ಕಳಿಗೆ ನಾಳೆ ಗೊತ್ತಾಗಬೇಕಲ್ಲವೇ?