ಕರೆಯೂ ಹೊರೆಯೂ

ದೇವರು ಪ್ರತಿಯೊಬ್ಬಳಿಗೂ ಒಂದು ಕರೆಯನ್ನು ಕೊಟ್ಟಿದ್ದಾನೆಂದು ನಾವು ನಂಬುತ್ತೇವೆ. ಎಲ್ಲ ಕರೆಗಳನ್ನೂ ಒಬ್ಬಳಿಗೇ ಕೊಟ್ಟಿದ್ದಾನೆಂದು ಯಾರೂ ನಮಗೆ ಬೋಧಿಸಿಲ್ಲ. ಹೀಗಿದ್ದರೂ ನಮ್ಮ ಶಾಲೆಗಳಲ್ಲಿ ಕಲಿತು ಹೊರಗೆ ಹೋದ ಸೋದರಿಯರ ಬಾಳನ್ನು ಕಂಡರೆ, ಅವರು ಈ ಎರಡನೆಯ ಮಾತನ್ನೇ ನಂಬಿರುವಂತೆ ತೋರುವದು. ಹಗಲೆಲ್ಲ ಆಸ್ಪತ್ರೆಯಲ್ಲಿಯೋ ಬ್ಯಾಂಕಿನಲ್ಲಿಯೋ ಪಾಠಶಾಲೆಯಲ್ಲಿಯೋ ದುಡಿದು ಮನೆಗೆ ಬಂದವಳಿಗೆ ಅಡಿಗೆ, ಮಕ್ಕಳ ಪಾಠ, ಮುದುಕರ ಔಷಧ ಇವು ಕಾದಿರುತ್ತವೆ. ಅವುಗಳ ಮೇಲೆ ಸ್ತ್ರೀ ಸಮಾಜದ ಲೆಕ್ಕ, ಭಾನುವಾರದ ಶಾಲೆ, ಗಾಯನದ ಅಭ್ಯಾಸ, ಸುಗ್ಗಿಹಬ್ಬದ ಏರ್ಪಾಡು, ಹಳೆಯ ವಿದ್ಯಾರ್ಥಿನಿಯರ ಸಂಘದ ಪತ್ರವ್ಯವಹಾರ. ರಾತ್ರಿ ಹತ್ತು ಗಂಟೆಗೂ ಮೊಬೈಲು ಸುಮ್ಮನಿರದು. ಇಷ್ಟರ ನಡುವೆ ಪ್ರಾರ್ಥನೆಗೆ ಉಳಿಯುವದು ನಿದ್ದೆಗಣ್ಣು ಮಾತ್ರ.

ಇದು ಹೇಗಾಗುವದೆಂಬದನ್ನು ಬಲ್ಲೆವು. ಚೆನ್ನಾಗಿ ಮಾಡುವವಳ ಕೈಗೇ ಜನರು ಕೆಲಸವನ್ನು ಕೊಡುತ್ತಾರೆ. ಒಮ್ಮೆ ಲೆಕ್ಕ ಬರೆದವಳು ಹದಿನೈದು ವರುಷ ಲೆಕ್ಕ ಬರೆಯುವಳು. ಇಲ್ಲವೆನ್ನಲು ಅವಳಿಗೆ ಸಂಕೋಚ. ಇನ್ನೊಬ್ಬಳನ್ನು ಹುಡುಕಲು ಸಭೆಗೆ ಸೋಮಾರಿತನ. ಸೇವೆಯೆಂದು ಕರೆಯಲ್ಪಡುವದರಲ್ಲಿ ಎಷ್ಟು ಭಾಗವು ನಿಜವಾಗಿ ಸೇವೆ, ಎಷ್ಟು ಭಾಗವು ದಾಕ್ಷಿಣ್ಯ, ಎಷ್ಟು ಭಾಗವು ತಾನಿಲ್ಲದೆ ನಡೆಯದೆಂಬ ಒಳಗರ್ವ ಎಂಬದನ್ನು ನಾವು ಶೋಧಿಸಿ ನೋಡುವದು ಒಳ್ಳೇದು.

ನಿರಾಕರಿಸುವದು ಸ್ವಾರ್ಥವಲ್ಲವೇ ಎಂದು ಕೆಲವರು ಕೇಳಬಹುದು. ಸತ್ಯವೇದವು ಹಾಗೆ ಹೇಳುವದಿಲ್ಲ. ಮುಂಜಾನೆಯಿಂದ ಸಾಯಂಕಾಲದ ವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ ಮೋಶೆಗೆ, ಇದರಿಂದ ನೀನೂ ದಣಿಯುವಿ, ಜನರೂ ದಣಿಯುವರೆಂದು ಅವನ ಮಾವನು ಬುದ್ಧಿಹೇಳಿದನು. ಮೋಶೆಯು ಕೋಪಿಸಿಕೊಳ್ಳದೆ ಭಾರವನ್ನು ಹಂಚಿಕೊಟ್ಟನು. ಯೆರೂಸಲೇಮಿನ ಸಭೆಯಲ್ಲಿ ವಿಧವೆಯರ ಪೋಷಣೆಯು ಪವಿತ್ರವಾದ ಕೆಲಸವೇ ಆಗಿದ್ದರೂ, ಅದಕ್ಕಾಗಿ ಏಳು ಮಂದಿಯನ್ನು ನೇಮಿಸಿ ಅಪೊಸ್ತಲರು ತಮ್ಮ ಕೆಲಸವನ್ನು ಹಿಡಿದುಕೊಂಡರು. ಕಪೆರ್ನೌಮಿನಲ್ಲಿ ಎಲ್ಲರೂ ತನ್ನನ್ನು ಹುಡುಕುತ್ತಿದ್ದರೂ ಯೇಸುಸ್ವಾಮಿಯು ಬೇರೆ ಊರುಗಳಿಗೆ ಹೊರಟನು. ತಾನು ಬಂದ ಉದ್ದೇಶವನ್ನು ಆತನು ಅರಿತಿದ್ದನು. ಕೆಲಸವಿದೆಯೆಂಬ ಮಾತ್ರಕ್ಕೆ ಅದು ನಮ್ಮ ಕೆಲಸವಾಗಲಾರದು.

ಮಿಸ್ ಏಮಿ ಕಾರ್ಮೈಕಲ್ ಇವರ ಚರಿತ್ರೆಯು ನಮಗೆ ಪಾಠವಾಗಿದೆ. ಐರ್ಲೆಂಡಿನಲ್ಲಿ 1867ರಲ್ಲಿ ಹುಟ್ಟಿದ ಇವರು 1895ರಲ್ಲಿ ಭಾರತಕ್ಕೆ ಬಂದು ಮೊದಲು ಕೆಲಸಕ್ಕೆ ಸೇರಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಬಳಿಕ ತಿರುನೆಲ್ವೇಲಿ ಸೀಮೆಗೆ ಹೋಗಿ, ತಮಿಳು ಸೋದರಿಯರ ಒಂದು ತಂಡವನ್ನು ಕಟ್ಟಿಕೊಂಡು ಹಳ್ಳಿಯಿಂದ ಹಳ್ಳಿಗೆ ಸುವಾರ್ತೆಯನ್ನು ಸಾರುತ್ತಿದ್ದರು. 1901ರಲ್ಲಿ, ದೇವಸ್ಥಾನಕ್ಕೆ ಒಪ್ಪಿಸಲ್ಪಡಲಿದ್ದ ಪ್ರೀನಾ ಎಂಬ ಬಾಲಿಕೆಯು ತಪ್ಪಿಸಿಕೊಂಡು ಬಂದು ಇವರ ಆಶ್ರಯವನ್ನು ಬೇಡಿತು. ಅಂಥ ಇನ್ನೂ ಮಕ್ಕಳು ಬಂದವು. ಮಕ್ಕಳ ತಾಯಿಯಾದವಳು ಊರೂರು ತಿರುಗಲಾರಳು. ಎರಡು ದೋಣಿಗಳಲ್ಲಿ ಕಾಲಿಡದೆ ಅವರು ತಮಗೆ ಪ್ರಿಯವಾಗಿದ್ದ ಸಂಚಾರವನ್ನು ಬಿಟ್ಟು, ದೋಹ್ನಾವೂರಿನಲ್ಲಿ ನೆಲೆನಿಂತು, ಕೂಸುಗಳಿಗೆ ಹಾಲೂಡಿಸುವ ಕೆಲಸವನ್ನು ಹಿಡಿದರು. ಅವರು ಬಿಟ್ಟದ್ದು ಕೆಟ್ಟ ಕೆಲಸವನ್ನಲ್ಲ, ಒಳ್ಳೆಯದನ್ನೇ ಎಂಬದನ್ನು ಓದುಗರು ಗಮನಿಸಬೇಕು. 1931ರಲ್ಲಿ ಬಿದ್ದು ಪೆಟ್ಟಾದ ಮೇಲೆ ಅವರ ಓಡಾಟವೇ ನಿಂತಿತು. 1951ರಲ್ಲಿ ತೀರಿಕೊಳ್ಳುವ ವರೆಗೂ ಬಹುಮಟ್ಟಿಗೆ ಕೋಣೆಯಲ್ಲಿಯೇ ಇದ್ದು ಅನೇಕ ಗ್ರಂಥಗಳನ್ನು ಬರೆದರು. ಕೈಕಾಲುಗಳ ಬಲ ಕುಂದಿದರೂ ಕರೆಯು ಕುಂದಲಿಲ್ಲ.

ಇನ್ನು ವೇಲೂರಿನ ಡಾಕ್ಟರ್ ಐಡಾ ಸ್ಕಡರ್. ಒಂದೇ ರಾತ್ರಿಯಲ್ಲಿ ಮೂವರು ಗರ್ಭಿಣಿಯರು ಸ್ತ್ರೀವೈದ್ಯರಿಲ್ಲದೆ ಸತ್ತದ್ದನ್ನು ಕಂಡು ಇವರು ವೈದ್ಯವಿದ್ಯೆಯನ್ನು ಕಲಿತರೆಂಬದು ಪ್ರಸಿದ್ಧ ಸಂಗತಿ. 1900ರಲ್ಲಿ ಒಂದೇ ಮಂಚದ ಔಷಧಾಲಯದಿಂದ ಕೆಲಸವು ಆರಂಭವಾಯಿತು. ರೋಗಿಗಳು ತಂಡೋಪತಂಡವಾಗಿ ಬಂದಾಗ ಇವರು ತಮ್ಮೆರಡು ಕೈಗಳಿಂದಲೇ ಎಲ್ಲವನ್ನೂ ಮಾಡಿ ಮುಗಿಸುವೆನೆನ್ನಲಿಲ್ಲ. 1909ರಲ್ಲಿ ದಾದಿಯರ ಶಾಲೆಯನ್ನೂ 1918ರಲ್ಲಿ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನೂ ತೆರೆದು ಬೇರೆ ಕೈಗಳನ್ನು ಸಿದ್ಧಪಡಿಸಿದರು. ಆದುದರಿಂದಲೇ ಅವರು 1960ರಲ್ಲಿ ಕಣ್ಮರೆಯಾದ ಮೇಲೆಯೂ ಆ ಕೆಲಸವು ನಿಲ್ಲಲಿಲ್ಲ.

ಹಾಗಾದರೆ ನಮ್ಮ ಕರೆಯನ್ನು ಹೇಗೆ ತಿಳಿಯುವದು? ಆಕಾಶವಾಣಿಗಾಗಿ ಕಾಯಬೇಕಾಗಿಲ್ಲ. ನಮ್ಮ ಎದುರಿಗಿರುವ ಯಾವ ಕೊರತೆಯು ನಮ್ಮ ಮನಸ್ಸನ್ನು ಬಿಡದೆ ಕಾಡುವದು? ಅದನ್ನು ನೀಗಿಸಲು ಬೇಕಾದ ವರವು ನಮ್ಮಲ್ಲಿದೆಯೆಂದು ನಮ್ಮನ್ನು ಬಲ್ಲವರು ಹೇಳುವರೋ? ಹೊಗಳಿಕೆಯಿಲ್ಲದಿದ್ದರೂ ಆ ಕೆಲಸವನ್ನು ಮಾಡುವೆವೋ? ಈ ಮೂರು ಪ್ರಶ್ನೆಗಳನ್ನು ಪ್ರಾರ್ಥನೆಯಲ್ಲಿ ಕೇಳಿಕೊಂಡರೆ ದಾರಿಯು ತೋರುವದು. ಒಬ್ಬಳಿಗೆ ಅದು ವಿದೇಶದ ಆಸ್ಪತ್ರೆಯಾದೀತು. ಇನ್ನೊಬ್ಬಳಿಗೆ ಹಾಸಿಗೆ ಹಿಡಿದ ಅತ್ತೆಯ ಮಗ್ಗುಲಾದೀತು. ಎರಡರಲ್ಲಿ ಹೆಚ್ಚುಕಡಿಮೆಯಿಲ್ಲ.

ಆದರೆ ಈ ಮಾತನ್ನು ಮೈಗಳ್ಳತನಕ್ಕೆ ಮರೆಮಾಡಬಾರದು. ಬಿಡುವದಕ್ಕೂ ಒಂದು ಕ್ರಮವುಂಟು. ಲೆಕ್ಕದ ಪುಸ್ತಕವನ್ನು ನಡುವೆಯೇ ಬಿಸುಟು ಬರುವದು ಬಿಡುವದಲ್ಲ. ಕಿರಿಯಳೊಬ್ಬಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಒಂದು ವರುಷ ಕಲಿಸಿ, ಅವಳ ಕೈಗೆ ಒಪ್ಪಿಸಿ, ಬಳಿಕ ಅವಳ ತಪ್ಪುಗಳನ್ನು ಎಣಿಸದೆ ಇರುವದೇ ಸರಿಯಾದ ಬಿಡುಗಡೆ. ಹಾಗೆ ಬಿಟ್ಟವಳು ಇನ್ನೊಬ್ಬಳ ಕರೆಗೆ ಬಾಗಿಲನ್ನು ತೆರೆದವಳಾಗುವಳು.

ತಾಯಿತಂದೆಗಳಿಗೂ ಒಂದು ಬಿನ್ನಹ. ಮಗಳು ತರಗತಿಯಲ್ಲಿ ಮೊದಲನೆಯವಳೂ ಗಾಯನದಲ್ಲಿ ಮೊದಲನೆಯವಳೂ ಆಟದಲ್ಲಿ ಮೊದಲನೆಯವಳೂ ಆಗಬೇಕೆಂದು ಈಗಲೇ ಹೊರಿಸಿದರೆ, ಇಲ್ಲವೆನ್ನುವದನ್ನು ಅವಳು ಎಂದೂ ಕಲಿಯಳು. ಮನೆಯ ಕೆಲಸದಲ್ಲಿ ಗಂಡುಮಕ್ಕಳಿಗೂ ಪಾಲನ್ನು ಕೊಡಿರಿ. ಸಭೆಯ ಹಿರಿಯರೂ ವರುಷವರುಷವೂ ಅದೇ ನಾಲ್ಕು ಹೆಸರುಗಳನ್ನು ಬರೆಯದೆ, ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತವರ ಕಡೆಗೂ ಕಣ್ಣೆತ್ತಿ ನೋಡಲಿ.

ಪ್ರಿಯ ಸೋದರಿಯರೇ, ತನ್ನ ಹೊರೆಯು ಹಗುರವೆಂದು ಹೇಳಿದ ಕರ್ತನು ಸುಳ್ಳಾಡುವವನಲ್ಲ. ನಮ್ಮ ಹೆಗಲು ಮುರಿಯುವಷ್ಟು ಭಾರವಿದ್ದರೆ, ಅದರಲ್ಲಿ ಆತನು ಹೊರಿಸದಿರುವದು ಯಾವದೆಂದು ನೋಡೋಣ. ಅದನ್ನು ಇಳಿಸಿ, ಆತನು ಕೊಟ್ಟದ್ದನ್ನು ಸಂತೋಷದಿಂದ ಹೊರೋಣ.